ಹೊಸ ಡಿಸ್ಕ್ ಸೇರಿದ ಮೇಲೆ ಏಳದ ಕಂಪ್ಯೂಟರ್

ಜಾಗ ಸಾಲದಾಯಿತೆಂದು ಕಂಪ್ಯೂಟರಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕುತ್ತೇವೆ. ಅರ್ಧ ಗಂಟೆಯ ಹಿಂದೆ ಸರಿಯಾಗಿ ನಡೆಯುತ್ತಿದ್ದ ಯಂತ್ರ ಈಗ ಏಳುವುದೇ ಇಲ್ಲ. ಪರದೆ ಕಪ್ಪಗಿರುತ್ತದೆ, ಇಲ್ಲವೇ ಇಂಗ್ಲಿಷಿನ ಒಂದು ಸಾಲು ತೋರಿಸಿ ಅಲ್ಲೇ ನಿಲ್ಲುತ್ತದೆ. ಐಬಿಎಂ ಕಂಪನಿ 1983ರಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿಯನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಡಿಸ್ಕ್‌ಗಳ ಅಳತೆ ಲಕ್ಷಗಟ್ಟಲೆ ಪಟ್ಟು ಬೆಳೆದಿದೆ, ಕೇಬಲ್ಲುಗಳು ಬದಲಾಗಿವೆ, ಬಯೋಸ್ ಹೋಗಿ ಯುಇಎಫ್‌ಐ ಬಂದಿದೆ. ಈ ತೊಂದರೆ ಮಾತ್ರ ಹೋಗಿಲ್ಲ. ಪ್ರತಿ ಪೀಳಿಗೆಯ ಯಂತ್ರದಲ್ಲೂ ಹೊಸ ಕಾರಣ ಹುಡುಕಿಕೊಂಡು ಬಂದಿದೆ.

ಆ ಕಾರಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಡಿಸ್ಕ್ ಸೇರಿಸಿದ ಮೇಲೆ ಬೂಟ್ ಆಗದ ಯಂತ್ರದಲ್ಲಿ ಹಳೆಯ ಕಡತಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಅವು ಹಾಳಾಗುವುದು ಹೆಚ್ಚಾಗಿ ಆಮೇಲೆ ಗಾಬರಿಯಲ್ಲಿ ನಡೆಯುವ ರಿಪೇರಿಯಿಂದ. 'ಫಾರ್ಮ್ಯಾಟ್ ಮಾಡಿಬಿಡೋಣ' ಎಂಬ ಸಲಹೆ ನಮ್ಮಲ್ಲಿ ತೀರಾ ಸುಲಭವಾಗಿ ಬಾಯಿಗೆ ಬರುತ್ತದೆ. ಈ ಲೇಖನ ಆ ಸಲಹೆಯ ವಿರುದ್ಧ.

'ಬೂಟ್ ಆಗ್ತಿಲ್ಲ' ಎಂಬ ಒಂದೇ ದೂರಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸ್ಥಿತಿಗಳಿವೆ. ಗುಂಡಿ ಒತ್ತಿದಾಗ ಮೊದಲು ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಕರೆಂಟ್ ಕೊಡಬೇಕು. ಆಮೇಲೆ ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಬಯೋಸ್ ಅಥವಾ ಯುಇಎಫ್‌ಐ, ಎದ್ದು ಮೆಮೊರಿ, ಡಿಸ್ಕ್‌ಗಳನ್ನೆಲ್ಲ ಎಣಿಸಬೇಕು. ಅವುಗಳಲ್ಲಿ ಒಂದನ್ನು ಆರಿಸಿ ಅದರಲ್ಲಿರುವ ಲೋಡರನ್ನು ಓದಬೇಕು. ಕೊನೆಗೆ ಆ ಲೋಡರ್ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸಬೇಕು. ಯಂತ್ರ ಈ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದೇ ರೋಗದ ಲಕ್ಷಣ. ಫ್ಯಾನ್ ತಿರುಗದಿರುವುದಕ್ಕೂ ಕಂಪನಿಯ ಲೋಗೋ ಬಂದು ನಿಲ್ಲುವುದಕ್ಕೂ ವಿಂಡೋಸಿನ ನೀಲಿ ಪರದೆ ಕಾಣಿಸುವುದಕ್ಕೂ ಮದ್ದು ಬೇರೆಬೇರೆ. ಹಾಗಾಗಿ ಪರದೆಯ ಮೇಲೆ ಏನೇ ಬರಹ ಕಂಡರೂ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಮುಂಚೆ ಮಾಡಬೇಕಾದ ಪರೀಕ್ಷೆ ಬಹಳ ಸರಳ. ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಹೊಸ ಡಿಸ್ಕ್‌ನ ಎರಡೂ ಕೇಬಲ್ ತೆಗೆದು ಯಂತ್ರವನ್ನು ಮತ್ತೆ ಶುರು ಮಾಡಿ. ಎದ್ದಿತೋ, ಹಳೆಯ ಡಿಸ್ಕ್ ಕ್ಷೇಮ ಎಂದು ಅಲ್ಲಿಗೇ ಖಾತರಿಯಾಯಿತು. ಏಳಲಿಲ್ಲವೋ, ಕ್ಯಾಬಿನೆಟ್ ತೆರೆದಾಗ ಬೇರೇನೋ ಅಲುಗಾಡಿದೆ: ರ‍್ಯಾಮ್ ಸಡಿಲವಾಗಿರಬಹುದು, ಹಳೆಯ ಡಿಸ್ಕ್‌ನ ಕೇಬಲ್ ಕೈತಾಗಿ ಜಾರಿರಬಹುದು. ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ಮೊದಮೊದಲ ಸಾಟಾ ಕೇಬಲ್ಲುಗಳಿಗೆ ಹಿಡಿದಿಡುವ ಲೋಹದ ಕ್ಲಿಪ್ಪೇ ಇರುತ್ತಿರಲಿಲ್ಲ, ಸ್ವಲ್ಪ ಎಳೆದರೆ ಕಳಚಿಕೊಳ್ಳುತ್ತಿದ್ದವು. ಯಂತ್ರ ಎದ್ದರೆ ಮುಂದಿನ ಹೆಜ್ಜೆಯಾಗಿ ಮತ್ತೆ ಆರಿಸಿ ಹೊಸ ಡಿಸ್ಕ್‌ಗೆ ಪವರ್ ಕೇಬಲ್ ಮಾತ್ರ ಕೊಡಿ, ಡೇಟಾ ಕೇಬಲ್ ಬೇಡ. ಈಗ ನಿಂತರೆ ತಕರಾರು ವಿದ್ಯುತ್ತಿನದು. ನಿಲ್ಲದೆ, ಡೇಟಾ ಕೇಬಲ್ ಸಿಕ್ಕಿಸಿದಾಗ ಮಾತ್ರ ನಿಂತರೆ ತಕರಾರು ಫರ್ಮ್‌ವೇರಿನದು ಅಥವಾ ಬೂಟ್ ಕ್ರಮದ್ದು. ಯಾವ ಸಾಫ್ಟ್‌ವೇರೂ ಬೇಡದ ಈ ಎರಡು ಹೆಜ್ಜೆ ಇಡೀ ಪ್ರಶ್ನೆಯನ್ನು ಅರ್ಧಕ್ಕೆ ಇಳಿಸುತ್ತವೆ. ಆದರೂ ರಿಪೇರಿಗೆ ಕೂತವರಲ್ಲಿ ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ವಿಂಡೋಸ್ ಪೆನ್‌ಡ್ರೈವ್ ಚುಚ್ಚುವುದನ್ನು ಕಾಣುತ್ತೇವೆ.

ವಿದ್ಯುತ್ತಿನ ತೊಂದರೆಗಳಲ್ಲಿ ಹಳೆಯದು ಬಲ ಸಾಲದ ಎಸ್‌ಎಂಪಿಎಸ್. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ಹೆಚ್ಚು ಕೇಳುವುದಿಲ್ಲ, ಏಳೆಂಟು ವಾಟ್ ಸಾಕು. ನಿಂತ ತಟ್ಟೆಗಳನ್ನು ತಿರುಗಿಸಲು ಶುರುಮಾಡುವ ಕೆಲವೇ ಸೆಕೆಂಡು ಮಾತ್ರ 12 ವೋಲ್ಟಿನ ತಂತಿಯಿಂದ ಸುಮಾರು 2 ಆ್ಯಂಪಿಯರ್ ಎಳೆಯುತ್ತದೆ. ಹೊರಗೆ ದೊಡ್ಡ ಅಂಕಿ ಬರೆದ ಅಗ್ಗದ ಎಸ್‌ಎಂಪಿಎಸ್‌ಗಳು ಈ ಹೊಡೆತಕ್ಕೆ ಕುಸಿಯುತ್ತವೆ. ಯಂತ್ರ ಎದ್ದಂತೆ ಮಾಡಿ ಆರುತ್ತದೆ, ಇಲ್ಲವೇ ಮತ್ತೆ ಮತ್ತೆ ಶುರುವಾಗುತ್ತದೆ. ಫ್ಯಾನ್ ಒಮ್ಮೆ ಅಲುಗಿ ನಿಂತರೆ ಮಾತ್ರ ಅದು ಬೇರೆ: ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಆಗ ಪದೇ ಪದೇ ಗುಂಡಿ ಒತ್ತಬಾರದು.

ಇದಕ್ಕಿಂತ ಅಪಾಯಕಾರಿಯಾದುದು ಬೇರೆ ಎಸ್‌ಎಂಪಿಎಸ್‌ನ ಕೇಬಲ್. ಈಗಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ಕೇಬಲ್ಲುಗಳನ್ನು ಬಿಚ್ಚಿ ಹಾಕಬಹುದು. ಡಿಸ್ಕ್ ಕಡೆಯ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆಗೆ ಯಾವ ಒಪ್ಪಿತ ನಿಯಮವೂ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರ ತೂತಿನಲ್ಲಿ ಸಲೀಸಾಗಿ ಕೂತುಕೊಳ್ಳುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡಿಸ್ಕ್‌ನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ಬೂಟ್ ಆಗದ ಈ ಇಡೀ ಸಮಸ್ಯೆಯಲ್ಲಿ ಡಿಸ್ಕ್ ನಿಜವಾಗಿಯೂ ಸಾಯುವ ಪ್ರಸಂಗ ಯಾವುದೆಂದು ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸನ್ನು ಸಾಟಾಗೆ ಬದಲಿಸುವ ಅಡಾಪ್ಟರುಗಳಲ್ಲೂ ಎಚ್ಚರ ಬೇಕು. ತಂತಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಅಚ್ಚು ಹಾಕಿ ಮುಚ್ಚಿದ ಅಗ್ಗದ ನಮೂನೆಗಳು ಒಳಗೇ ಶಾರ್ಟ್ ಆಗಿ ಕರಗಿ ಹೊತ್ತಿಕೊಂಡದ್ದುಂಟು.

ಡಿಸ್ಕ್ ಕೆಟ್ಟಿಲ್ಲದಿದ್ದರೂ ಕೆಟ್ಟಂತೆ ಕಾಣುವ ಸಂದರ್ಭವೂ ಇದೆ. 2016ರಲ್ಲಿ ಬಂದ ಸಾಟಾ 3.3 ನಿಯಮಾವಳಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟಿತು. ಅಲ್ಲಿ ವೋಲ್ಟೇಜ್ ಇದ್ದರೆ ಡಿಸ್ಕ್ ಆರಿರಬೇಕು ಎಂದು ಅರ್ಥ. ದೊಡ್ಡ ಸರ್ವರ್ ಕೇಂದ್ರಗಳಿಗೆ ಇದು ಅನುಕೂಲ. ಆದರೆ ಹಳೆಯ ಎಸ್‌ಎಂಪಿಎಸ್‌ಗಳು ಆ ಪಿನ್ನಿಗೆ ಯಾವಾಗಲೂ 3.3 ವೋಲ್ಟ್ ಕೊಡುತ್ತಿರುತ್ತವೆ. ಹಾಗಾಗಿ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಕೆಲವು ದೊಡ್ಡ ಡಿಸ್ಕ್‌ಗಳು ಮನೆಯ ಕಂಪ್ಯೂಟರಿನಲ್ಲಿ ತಿರುಗುವುದೇ ಇಲ್ಲ. ಆ ಪಿನ್ನನ್ನು ಶಾಖ ತಡೆಯುವ ಟೇಪಿನಿಂದ ಮುಚ್ಚಿದರೆ ಡಿಸ್ಕ್ ತಾನಾಗಿ ತಿರುಗುತ್ತದೆ.

ಇನ್ನು ಫರ್ಮ್‌ವೇರ್. ನಮ್ಮ ಊರುಗಳ ಎಷ್ಟೋ ಡಿಟಿಪಿ ಅಂಗಡಿ, ಸಣ್ಣ ಮುದ್ರಣಾಲಯಗಳಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರಗಳು ಇವತ್ತಿಗೂ ಕಾಣಸಿಗುತ್ತವೆ. ಪೇಜ್‌ಮೇಕರ್ ಪುಟಗಳು, ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಅವುಗಳಲ್ಲಿವೆ. ಅಂಥ ಯಂತ್ರಕ್ಕೆ ಎರಡನೇ ಡಿಸ್ಕ್ ಹಾಕುವವರಿಗೆ ಸಾಟಾಕ್ಕಿಂತ ಹಿಂದಿನ ಐಡಿಇ ಕಾಲದ ನಿಯಮಗಳು ಇತಿಹಾಸವಲ್ಲ, ನಿತ್ಯದ ಕೆಲಸ.

ಐಡಿಇಯಲ್ಲಿ ಒಂದೇ ಅಗಲ ಕೇಬಲ್ಲಿಗೆ ಎರಡು ಡಿಸ್ಕ್. ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂದು ಡಿಸ್ಕ್‌ನ ಹಿಂದಿನ ಸಣ್ಣ ಜಂಪರಿನಿಂದ ಹೇಳಬೇಕು. ಎರಡೂ ಮಾಸ್ಟರ್ ಆದರೆ ಎರಡೂ ಕಾಣಿಸದಿರಬಹುದು, ಅಥವಾ ಬಯೋಸ್ ಹುಡುಕುತ್ತ ಅಲ್ಲೇ ನಿಲ್ಲಬಹುದು. ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿತ್ತು: ಒಂಟಿಯಾಗಿರುವಾಗ ಒಂದು ಜೋಡಣೆ, ಜೊತೆಗೆ ಸ್ಲೇವ್ ಇರುವ ಮಾಸ್ಟರ್ ಆದಾಗ ಇನ್ನೊಂದು. ಹಾಗಾಗಿ ಹೊಸ ಡಿಸ್ಕ್‌ನ ಜಂಪರ್ ಸರಿ ಇದ್ದರೂ ಹಳೆಯದರ ಜಂಪರ್ ಬದಲಿಸದೆ ಯಂತ್ರ ಏಳುತ್ತಿರಲಿಲ್ಲ. 80 ತಂತಿಯ ಕೇಬಲ್ಲಿನಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ, ನಡುವಿನ ಬೂದುಬಣ್ಣದ್ದು ಸ್ಲೇವಿಗೆ. ಕೇಬಲ್ ತಿರುಗುಮುರುಗಾದರೆ ಪರದೆಯ ಮೇಲೆ ಏನೂ ಬಾರದೆ ಇಡೀ ಯಂತ್ರವೇ ಸತ್ತಂತೆ ತೋರುತ್ತಿತ್ತು. ಕೆಂಪು ಅಂಚು ಸಾಮಾನ್ಯವಾಗಿ ಡಿಸ್ಕ್‌ನ ಪವರ್ ಕನೆಕ್ಟರ್ ಕಡೆಗಿರಬೇಕು.

ಅದೇ ಕಾಲದ ಇನ್ನೊಂದು ತಡೆ ಡಿಸ್ಕ್‌ನ ಅಳತೆ. ವಿಳಾಸ ಬರೆಯಲು ಬಯೋಸಿನಲ್ಲಿ ಇಟ್ಟ ಜಾಗ ಪ್ರತಿ ಸಲ ಕಿರಿದೆನಿಸಿತು. ಮೊದಲು 528 ಎಂಬಿ, ಆಮೇಲೆ 8.4 ಜಿಬಿ, ಆಮೇಲೆ 137 ಜಿಬಿ. ಈ ಮಿತಿ ದಾಟಿದ ಡಿಸ್ಕ್ ಹಾಕಿದರೆ ಹೆಚ್ಚಾಗಿ ಅಳತೆ ಕಡಿಮೆ ತೋರುತ್ತಿತ್ತು, ಅಷ್ಟೇ. ಆದರೆ 33.8 ಜಿಬಿಯ ಮಿತಿ ಕೆಟ್ಟದ್ದು: 1999ಕ್ಕೂ ಹಿಂದಿನ ಕೆಲವು ಅವಾರ್ಡ್ ಬಯೋಸ್‌ಗಳು ಅದಕ್ಕಿಂತ ದೊಡ್ಡ ಡಿಸ್ಕ್ ಕಂಡ ಕೂಡಲೇ ಸ್ತಬ್ಧವಾಗುತ್ತಿದ್ದವು. ಅದಕ್ಕಾಗಿಯೇ ತಯಾರಕರು ಡಿಸ್ಕ್‌ನ ಅಳತೆಯನ್ನು 32 ಜಿಬಿಗೆ ಇಳಿಸಿ ತೋರಿಸುವ ಜಂಪರ್ ಇಟ್ಟರು. ಇವತ್ತು ಉಳಿದಿರುವ ಮಿತಿ ಎಂಬಿಆರ್ ಪಾರ್ಟಿಷನ್ ಪಟ್ಟಿಯ 2.2 ಟಿಬಿ; ಅದಕ್ಕಿಂತ ದೊಡ್ಡದನ್ನು ಪೂರ್ತಿ ಬಳಸಲು ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಬೇಕು.

ಕೆಡುತ್ತಿರುವ ಡಿಸ್ಕ್ ಕೂಡ ಫರ್ಮ್‌ವೇರನ್ನು ಲೋಗೋ ಪರದೆಯಲ್ಲೇ ನಿಮಿಷಗಟ್ಟಲೆ ಕಾಯಿಸುತ್ತದೆ. 'ಹೊಸ' ಡಿಸ್ಕ್ ಎಂದರೆ ನಮ್ಮಲ್ಲಿ ಎಷ್ಟೋ ಸಲ ಬೇರೆ ಯಂತ್ರದಿಂದ ಬಿಚ್ಚಿದ್ದು ಅಥವಾ ಸೆಕೆಂಡ್ ಹ್ಯಾಂಡ್ ಕೊಂಡದ್ದು ಎಂಬುದನ್ನು ನೆನಪಿಟ್ಟರೆ ಈ ಸಾಧ್ಯತೆ ಸಣ್ಣದಲ್ಲ.

ಆದರೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಬೂಟ್ ಕ್ರಮ. ಹಳೆಯ ಬಯೋಸ್ ಡಿಸ್ಕ್‌ನ ಮೊದಲ 512 ಬೈಟ್ ಓದಿ, ಅದರ ಕೊನೆಯ ಎರಡು ಬೈಟ್‌ಗಳಲ್ಲಿ ಒಪ್ಪಿತ ಗುರುತು ಇದ್ದರೆ ಕಣ್ಣುಮುಚ್ಚಿ ಅದಕ್ಕೆ ಅಧಿಕಾರ ಒಪ್ಪಿಸುತ್ತದೆ. ಅಲ್ಲಿ ನಿಜವಾಗಿ ವಿಂಡೋಸ್ ಇದೆಯೇ ಎಂದು ಪರಿಶೀಲಿಸುವುದಿಲ್ಲ. ಹೊಸ ಡಿಸ್ಕ್ ಸೇರಿದಾಗ ಹಲವು ಬಯೋಸ್‌ಗಳು ಪಟ್ಟಿಯನ್ನು ತಾವಾಗಿಯೇ ಹೊಸದಾಗಿ ಜೋಡಿಸಿ ಹೊಸ ಡಿಸ್ಕನ್ನು ಮೇಲಕ್ಕೆ ತರುತ್ತವೆ. ಅದು ಖಾಲಿಯಿದ್ದರೆ 'ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಎಂದೋ 'ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್' ಎಂದೋ ಬರುತ್ತದೆ. ಅದರಲ್ಲಿ ಹಿಂದೆ ಯಾರದೋ ವಿಂಡೋಸ್ ಇದ್ದು ಅರ್ಧ ಅಳಿಸಿದ್ದರೆ 'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್', ವಿಸ್ಟಾ ಅಥವಾ ಅದರ ನಂತರದ್ದಾದರೆ 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್'. ಈ ಸಾಲು ಓದಿದವರು ತಮ್ಮ ವಿಂಡೋಸೇ ಹೋಯಿತೆಂದು ಎದೆಗುಂದುತ್ತಾರೆ. ಹೋದದ್ದು ಹೊಸದಾಗಿ ಬಂದ ಡಿಸ್ಕ್‌ನಲ್ಲಿದ್ದ ಯಾವುದೋ ಹಳೆಯ ವಿಂಡೋಸ್. ತಮ್ಮದು ಪಕ್ಕದ ಡಿಸ್ಕ್‌ನಲ್ಲಿ ಸುರಕ್ಷಿತವಾಗಿರುತ್ತದೆ.

ಇದನ್ನು ತಿಳಿಯಲು ಅರ್ಧ ನಿಮಿಷ ಸಾಕು. ಯಂತ್ರ ಶುರುವಾಗುವಾಗ ಬೂಟ್ ಮೆನು ಕರೆಯುವ ಕೀಲಿ ಒತ್ತಬೇಕು. ಡೆಲ್, ಲೆನೊವೊ, ಗಿಗಾಬೈಟ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಬೋರ್ಡುಗಳಲ್ಲಿ ಎಫ್8, ಎಂಎಸ್ಐಯಲ್ಲಿ ಎಫ್11. ಬಂದ ಪಟ್ಟಿಯಲ್ಲಿ ಹಳೆಯ ಡಿಸ್ಕನ್ನು ಆರಿಸಿ. ವಿಂಡೋಸ್ ಎದ್ದರೆ ಸೆಟಪ್‌ಗೆ ಹೋಗಿ ಕ್ರಮ ಬದಲಿಸಿ ಉಳಿಸಿದರೆ ಕೆಲಸ ಮುಗಿಯಿತು. ಕೆಲವು ಬಯೋಸ್‌ಗಳಲ್ಲಿ ಬೂಟ್ ಕ್ರಮದ ಪುಟದಲ್ಲಿ 'ಹಾರ್ಡ್ ಡಿಸ್ಕ್' ಎಂಬ ಒಂದೇ ಸಾಲು ಇರುತ್ತದೆ, ಯಾವ ಹಾರ್ಡ್ ಡಿಸ್ಕ್ ಎಂಬುದು ಇನ್ನೊಂದು ಪುಟದಲ್ಲಿ ಅಡಗಿರುತ್ತದೆ. ಅದನ್ನು ಕಾಣದೆ ಬೂಟ್ ಕ್ರಮ ಸರಿಯಾಗಿಯೇ ಇದೆ ಎಂದುಕೊಂಡವರು ಬಹಳ. ಯುಎಸ್‌ಬಿ ಡಿಸ್ಕ್ ಚುಚ್ಚಿಟ್ಟಾಗಲೂ ಇದೇ ಆಗುತ್ತದೆ; ಕಪ್ಪು ಪರದೆಯಲ್ಲಿ ಕರ್ಸರ್ ಮಿನುಗುತ್ತ ಕೂತಿದ್ದರೆ ಮೊದಲು ಯುಎಸ್‌ಬಿಗಳನ್ನು ಕಿತ್ತು ನೋಡಬೇಕು.

ಯುಇಎಫ್‌ಐ ಬಂದ ಮೇಲೆ ಈ ಗೊಂದಲ ಕಡಿಮೆಯಾಗಬೇಕಿತ್ತು. ಇಲ್ಲಿ ಫರ್ಮ್‌ವೇರ್ ತನ್ನ ಸ್ಮೃತಿಯಲ್ಲಿ ಯಾವ ಪಾರ್ಟಿಷನ್ನಿನ ಯಾವ ಕಡತದಿಂದ ಶುರುಮಾಡಬೇಕು ಎಂದೇ ಬರೆದಿಟ್ಟುಕೊಳ್ಳುತ್ತದೆ. ಡಿಸ್ಕ್‌ಗಳ ಸಾಲು ಬದಲಾದರೂ ದಾರಿ ತಪ್ಪಬಾರದು. ವಿಧಾನವಾಗಿ ಇದು ಬಯೋಸಿಗಿಂತ ನಿಸ್ಸಂದೇಹವಾಗಿ ಮೇಲು. ಆದರೆ ಅದರ ಜೊತೆಗೇ ಹೊಸ ಕಾರಣಗಳೂ ಬಂದವು. ಅವುಗಳಲ್ಲಿ ಜನರಿಗೆ ತೀರಾ ಅನಿರೀಕ್ಷಿತವಾದದ್ದು ಎಂ.2 ಕಿಂಡಿಯದು. ಹಲವು ಮದರ್‌ಬೋರ್ಡುಗಳಲ್ಲಿ ಎಂ.2 ಕಿಂಡಿಯೂ ಕೆಲವು ಸಾಟಾ ಪೋರ್ಟುಗಳೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಂ.2ಗೆ ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ವಿಂಡೋಸ್ ಇದ್ದ ಡಿಸ್ಕ್ ಅದೇ ಪೋರ್ಟಿನಲ್ಲಿದ್ದರೆ ಅದು ಸೆಟಪ್ ಪಟ್ಟಿಯಿಂದಲೇ ಮಾಯ. ಡಿಸ್ಕ್ ಸತ್ತಿಲ್ಲ, ಕೇಬಲ್ಲನ್ನು ಇನ್ನೊಂದು ಪೋರ್ಟಿಗೆ ಬದಲಿಸಿದರೆ ಮರಳಿ ಬರುತ್ತದೆ. ಯಾವ ಪೋರ್ಟ್ ಎಂಬುದು ಬೋರ್ಡಿನ ಕೈಪಿಡಿಯಲ್ಲಿ ಒಂದು ಪಟ್ಟಿಯಾಗಿ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಇನ್ನೆಲ್ಲೋ ಬಿಡಿಭಾಗ ಕೊಂಡು ಜೋಡಿಸಿಕೊಳ್ಳುವವರು ಆ ಕೈಪಿಡಿಯನ್ನು ಪೆಟ್ಟಿಗೆಯೊಡನೆ ಎಸೆಯಬಾರದು.

ಇನ್ನೊಂದು ಕಾರಣ ಎಲ್ಲರ ಕಣ್ಣಿಗೂ ತಪ್ಪುವಂಥದ್ದು. ಡಿಸ್ಕ್ ಹಾಕಲು ಗೋಡೆಯ ವೈರ್ ಕಿತ್ತೆವು. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಎಂದೋ ಸತ್ತಿತ್ತು, ಗೋಡೆಯ ಕರೆಂಟಿನಿಂದಾಗಿ ಇಷ್ಟು ದಿನ ಗೊತ್ತಾಗಿರಲಿಲ್ಲ. ವೈರ್ ಕಿತ್ತೊಡನೆ ಬಯೋಸಿನ ಆಯ್ಕೆಗಳೆಲ್ಲ ಮೂಲ ಸ್ಥಿತಿಗೆ ಹೋದವು. ಸಾಟಾ ಪೋರ್ಟುಗಳು ಎಎಚ್‌ಸಿಐ ರೀತಿಯಿಂದ ಐಡಿಇ ಅಥವಾ ರೈಡ್ ರೀತಿಗೆ ತಿರುಗಿದವು. ಲೋಡರ್ ಸಿಗುತ್ತದೆ, ವಿಂಡೋಸ್ ಶುರುವಾಗುತ್ತದೆ, ಆದರೆ ತನ್ನದೇ ಡಿಸ್ಕನ್ನು ಓದುವ ಡ್ರೈವರ್ ಹೊಂದದೆ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ತೋರಿಸುತ್ತದೆ. ಸೆಟಪ್‌ನಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಇದೇ ಕಾರಣ ಎಂದು ಹೇಳಬಹುದು. ಹೊಸ ಸೆಲ್ ಹಾಕಿ ಹಳೆಯ ಆಯ್ಕೆಯನ್ನು ಮರಳಿಸಿದರೆ ಸಾಕು. ಈ ನೀಲಿ ಪರದೆ ಕಂಡು ವಿಂಡೋಸ್ ಹೊಸದಾಗಿ ಹಾಕಿದ ಪ್ರಸಂಗಗಳು ಅನ್ಯಾಯದವು.

ಕೊನೆಯ ಹಂತದ ತೊಂದರೆಗಳು ಆಪರೇಟಿಂಗ್ ಸಿಸ್ಟಮ್ ಡಿಸ್ಕ್‌ಗಳನ್ನು ಹೇಗೆ ಗುರುತಿಸುತ್ತದೆ ಎಂಬುದಕ್ಕೆ ಸೇರಿದವು. ವಿಂಡೋಸ್ ಎಕ್ಸ್‌ಪಿ ತನ್ನ ಬೂಟ್ ಡಾಟ್ ಐಎನ್ಐ ಕಡತದಲ್ಲಿ ಡಿಸ್ಕ್‌ನ ಕ್ರಮಸಂಖ್ಯೆ ಬರೆದಿಟ್ಟುಕೊಂಡಿತ್ತು. ಸಂಖ್ಯೆ ಪಲ್ಲಟವಾದರೆ ದಾರಿ ತಪ್ಪುತ್ತಿತ್ತು. ಲಿನಕ್ಸಿನಲ್ಲೂ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿಗೆ ಸ್ಥಿರತೆಯಿಲ್ಲ. ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಸ್ಟ್ಯಾಬ್ ಕಡತದಲ್ಲಿ ಅವನ್ನೇ ಬರೆದವರ ಯಂತ್ರ ಡಿಸ್ಕ್ ಸೇರಿದ ದಿನ ತುರ್ತು ಸ್ಥಿತಿಯ ಕಪ್ಪು ಪರದೆಗೆ ಹೋಗುತ್ತದೆ. ಪಾರ್ಟಿಷನ್ನಿನ ಸ್ಥಿರ ಗುರುತಾದ ಯುಯುಐಡಿ ಬಳಸುವುದು, ಬೂಟ್‌ಗೆ ಬೇಡದ ಡಿಸ್ಕ್‌ಗಳಿಗೆ 'ನೋಫೇಲ್' ಎಂದು ಸೇರಿಸುವುದು ಇದಕ್ಕೆ ಒಪ್ಪಿತ ಪರಿಹಾರ. ಹಳೆಯ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿ ಎರಡನ್ನೂ ಒಟ್ಟಿಗೆ ಹಾಕಿಟ್ಟರೆ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಎದ್ದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ. ಕ್ಲೋನ್ ಆದ ಮೇಲೆ ಮೊದಲ ಸಲ ಹೊಸದೊಂದನ್ನೇ ಹಾಕಿ ಎಬ್ಬಿಸಬೇಕು.

ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್ ಇರುವ ಹೊಸ ಯಂತ್ರಗಳಲ್ಲಿ ಬೂಟ್ ಕ್ರಮವೋ ಫರ್ಮ್‌ವೇರಿನ ಆಯ್ಕೆಯೋ ಬದಲಾದರೆ 48 ಅಂಕಿಯ ರಿಕವರಿ ಕೀಲಿ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದ ಲ್ಯಾಪ್‌ಟಾಪಾದರೆ ಕೀಲಿ ಆ ಖಾತೆಯಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಇಂಥ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೆ ಮಾತ್ರ ಒಳಗಿದ್ದದ್ದು ಮರಳಿ ಸಿಗುವ ಆಸೆಯನ್ನು ಬಿಡಬೇಕು.

ವಿಂಡೋಸ್ ಹಾಕುವಾಗಲೇ ಬಿತ್ತಿ, ತಿಂಗಳುಗಳ ನಂತರ ಮೊಳೆಯುವ ತೊಂದರೆಯೂ ಒಂದಿದೆ. ಎರಡು ಡಿಸ್ಕ್ ಇರುವಾಗ ಹೊಸ ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿದರೆ, ಅದರ ಲೋಡರ್ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೊದಲೇ ಇದ್ದ ಬೂಟ್ ಪಾರ್ಟಿಷನ್ನಿಗೆ ಹೋಗಿ ಕೂರಬಹುದು. ಎರಡೂ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಹಳೆಯದನ್ನು ತೆಗೆದು ಅದರ ಜಾಗದಲ್ಲಿ ದೊಡ್ಡದನ್ನು ಹಾಕಿದ ದಿನ ಯಂತ್ರ ಏಳುವುದಿಲ್ಲ, ಎಲ್ಲರೂ ಹೊಸ ಡಿಸ್ಕನ್ನು ದೂರುತ್ತಾರೆ. ವಿಂಡೋಸ್ ಹಾಕುವಾಗ ಉಳಿದ ಡಿಸ್ಕ್‌ಗಳ ಕೇಬಲ್ ಕಿತ್ತಿಡುವುದು ಇದಕ್ಕೆ ಒಳ್ಳೆಯ ಮುನ್ನೆಚ್ಚರಿಕೆ. ಈಗಾಗಲೇ ಆಗಿಹೋಗಿದ್ದರೆ ಹಳೆಯ ಡಿಸ್ಕನ್ನು ಮತ್ತೆ ಹಾಕಿ ಎಬ್ಬಿಸಿ, ಎಸ್‌ಎಸ್‌ಡಿ ಮೇಲೆ ಬೂಟ್ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಆಜ್ಞೆಯಿಂದ ಲೋಡರ್ ಬರೆಯಬಹುದು. ಕಡತಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ರಿಪೇರಿ ಆಜ್ಞೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎಂಬಿಆರ್ ಸರಿಪಡಿಸುವ ಆಜ್ಞೆ ಬಯೋಸ್ ಕಾಲದ್ದು, ಯುಇಎಫ್‌ಐ ಯಂತ್ರದಲ್ಲಿ ಅದರಿಂದ ಪ್ರಯೋಜನವಿಲ್ಲ. ಎರಡು ಡಿಸ್ಕ್ ಇರುವಾಗ ಅದು ತಪ್ಪು ಡಿಸ್ಕ್ ಮೇಲೆ ಬರೆಯುವ ಭಯವೂ ಇದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಬರುವ 'ಇನಿಶಿಯಲೈಸ್' ಸೂಚನೆಗೆ, ಲಿನಕ್ಸ್ ಡಿಸ್ಕ್ ಚುಚ್ಚಿದಾಗ ಬರುವ 'ಫಾರ್ಮ್ಯಾಟ್ ಮಾಡಬೇಕೇ' ಎಂಬ ಪ್ರಶ್ನೆಗೆ ಒಳಗಿರುವುದು ಏನೆಂದು ಖಚಿತವಾಗುವವರೆಗೂ ಬೇಡ ಎನ್ನಬೇಕು. ಆ ಸೂಚನೆಯ ಅರ್ಥ ವಿಂಡೋಸಿಗೆ ಆ ಡಿಸ್ಕ್‌ನ ಬರವಣಿಗೆ ಓದಲು ಬರುವುದಿಲ್ಲ ಎಂದಷ್ಟೇ. ಡಿಸ್ಕ್ ಖಾಲಿ ಎಂದಲ್ಲ.

ಫಾರ್ಮ್ಯಾಟ್ ಕನ್ನಡದ ಕೆಲಸಗಾರರಿಗೆ ದುಬಾರಿಯಾಗುವ ವಿಶೇಷ ಕಾರಣವೊಂದಿದೆ. ಯೂನಿಕೋಡ್ ಬರುವ ಮುಂಚಿನ ಪುಟಗಳಲ್ಲಿ ಕನ್ನಡ ಅಕ್ಷರ ಕಾಣುವುದು ಆಯಾ ಫಾಂಟ್ ಇದ್ದರೆ ಮಾತ್ರ. ಕಡತಗಳನ್ನು ಬೇರೆಡೆ ನಕಲು ಮಾಡಿ ಉಳಿಸಿದರೂ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಆ ಫಾಂಟುಗಳೂ ತಂತ್ರಾಂಶದ ಪರವಾನಗಿಯೂ ಹೋಗಿರುತ್ತವೆ, ವರ್ಷಗಳ ಹಿಂದಿನ ಪುಸ್ತಕದ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಬೂಟ್ ಕ್ರಮದ ಒಂದು ಸಾಲು ಬದಲಿಸಿದ್ದರೆ ಸರಿಹೋಗುತ್ತಿದ್ದ ಯಂತ್ರಕ್ಕೆ ಇಷ್ಟು ಬೆಲೆ ಕೊಡುವ ಅಗತ್ಯ ಯಾರಿಗೂ ಇಲ್ಲ.

ಆದ್ದರಿಂದ ಕಂಪ್ಯೂಟರ್ ಇಟ್ಟುಕೊಂಡ ಎಲ್ಲರಲ್ಲೂ ನನ್ನದೊಂದು ವಿನಂತಿ. ಡಿಸ್ಕ್ ಹಾಕಿಸುವ ಮುಂಚೆ ಮುಖ್ಯ ಕಡತಗಳ ಒಂದು ಪ್ರತಿಯನ್ನು ಯಂತ್ರದ ಹೊರಗೆ ಇಡಿ, ಸೆಟಪ್‌ನ ಬೂಟ್ ಮತ್ತು ಸಾಟಾ ಪುಟಗಳ ಫೋಟೊ ತೆಗೆದುಕೊಳ್ಳಿ, ಬಿಟ್‌ಲಾಕರ್ ಕೀಲಿ ಎಲ್ಲಿದೆಯೆಂದು ನೋಡಿಕೊಳ್ಳಿ. ಯಂತ್ರ ಏಳದೆ ರಿಪೇರಿಗೆ ಕೊಟ್ಟಾಗ ಫಾರ್ಮ್ಯಾಟ್ ಮಾತು ಬಂದರೆ, ಹಳೆಯ ಡಿಸ್ಕ್ ಒಂದನ್ನೇ ಹಾಕಿ ನಿಮ್ಮೆದುರಿಗೆ ಶುರುಮಾಡಿ ತೋರಿಸುವಂತೆ ಕೇಳಿ. ಆ ಪರೀಕ್ಷೆ ಆಗುವವರೆಗೂ ಒಪ್ಪಿಗೆ ಕೊಡಬೇಡಿ.